ಮಂಗನ ಕಾಯಿಲೆ ಕಲಿಸುವ ಪಾಠ



ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಮ್ಮ ನಾಡಿನಲ್ಲಿಯೇ ಮೊದಲು ಕಂಡ ಒಂದು ರೋಗದ ವಿಚಾರವಾಗಿ ಎರಡು ಮಾತು ಹೇಳಬಯಸುತ್ತೇನೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ರೋಗಕಾರಕ ವೈರಾಣುವನ್ನೂ ಅದನ್ನು ಹರಡುವ ಉಣುಗನ್ನೂ ಗುರುತಿಸಿದರು. ಸೌದೆ, ತರಗೆಲೆ ತರಲು ಕಾಡಿಗೆ ಹೋಗುವ ಬಡವರಿಗೇ ಇದರ ಭಯ ಹೆಚ್ಚು.

ಮುಂದೆ ಲಸಿಕೆಯೂ ಬಂದಿತು. ಆದರೆ ಅದರ ಶಕ್ತಿ ಅಲ್ಪಕಾಲದ್ದು. ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗಿತ್ತು. ಅದು ಸಾಲದೆಂದು ಕಂಡುಬಂದು 2022ರಲ್ಲಿ ಬಳಕೆ ನಿಂತಿತು.

"ಹಾಗಾದರೆ ಲಸಿಕೆಯನ್ನು ಏಕೆ ನಂಬಬೇಕು?" ಎಂದು ಕೇಳುವವರುಂಟು. ಪರೀಕ್ಷಿಸಿ, ಕೊರತೆ ಕಂಡರೆ ಕೈಬಿಡುವ ವಿದ್ಯೆಯನ್ನೇ ಅಲ್ಲವೇ ನಂಬಬೇಕಾದುದು? ಅದೇ ವಿದ್ಯೆಯಿಂದ ಸಿಡುಬು ಭೂಮಿಯಿಂದಲೇ ಅಳಿಯಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಪೋಲಿಯೊ ಹನಿಗಳ ಫಲವಾಗಿ 2014ರಲ್ಲಿ ಭಾರತವು ಪೋಲಿಯೊಮುಕ್ತವೆನಿಸಿತು. ಒಂದು ಲಸಿಕೆಯ ದೌರ್ಬಲ್ಯವನ್ನು ಎಲ್ಲದರ ಮೇಲೂ ಹೊರಿಸುವುದು ನ್ಯಾಯವಲ್ಲ.

ಆದುದರಿಂದ ಮಕ್ಕಳಿಗೆ ದಡಾರದ ಲಸಿಕೆಯನ್ನು ಎರಡು ಬಾರಿಯೂ ತಪ್ಪದೆ ಹಾಕಿಸಿರಿ. ಶೇಕಡಾ 95ರಷ್ಟು ಜನ ರಕ್ಷಿತರಾದರೆ, ಲಸಿಕೆಯ ವಯಸ್ಸಾಗದ ನೆರೆಮನೆಯ ಹಸುಗೂಸಿಗೂ ಅದೇ ಕಾವಲು.

ಮಂಗನ ಕಾಯಿಲೆಗೆ ಹೊಸ ಲಸಿಕೆಯ ಸಂಶೋಧನೆ ನಡೆದಿದೆ. ಅದು ಕೈಸೇರುವವರೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಉಣುಗು ನಿವಾರಕ ತೈಲ ಹಚ್ಚಿಕೊಂಡು, ಮರಳಿದೊಡನೆ ಬಿಸಿನೀರಿನಲ್ಲಿ ಮೀಯಲಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಲಿ. ನೆರೆಯವರ ಪ್ರಾಣ ಕಾಯುವುದೂ ಪರಸ್ನೇಹದ ಕಾರ್ಯವೇ ಎಂಬುದನ್ನು ಮರೆಯದಿರೋಣ.