ದೊಡ್ಡ ಉಪಕರಣಗಳು ಮತ್ತು ಅವು ನಿಂತ ನೆಲ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಕಲಿಸುವವನು. ಇಂದು ವಿಜ್ಞಾನದ ಬಗ್ಗೆ ಮಾತನಾಡಲು ನಿಂತಿರುವುದಕ್ಕೆ ಒಬ್ಬ ಹುಡುಗನ ಪ್ರಶ್ನೆಯೇ ಕಾರಣ. "ಸರ್, ನಮ್ಮ ಕರ್ಕಿಯಲ್ಲಿ ದೊಡ್ಡ ದೂರದರ್ಶಕ ಯಾಕಿಲ್ಲ?" ಎಂದು ಕೇಳಿದ. "ನಮ್ಮಂಥ ಸಣ್ಣ ಊರಿಗೆ ಅದೆಲ್ಲ ಎಲ್ಲಿಂದ ಬರಬೇಕು?" ಎಂದುಬಿಟ್ಟೆ. ಅವನು ಸುಮ್ಮನೆ ಕುಳಿತ. ನನ್ನ ಉತ್ತರ ತಪ್ಪೆಂದು ಆಮೇಲೆ ಓದಿದಾಗ ತಿಳಿಯಿತು.

ದೊಡ್ಡ ಉಪಕರಣಕ್ಕೆ ಬೇಕಾದದ್ದು ದೊಡ್ಡ ಊರಲ್ಲ, ತಕ್ಕ ನೆಲ ಮತ್ತು ಆಕಾಶ. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ನಕ್ಷತ್ರ ಕಾಣುವುದೇ ಅಪರೂಪ. ಉಪ್ಪುಗಾಳಿಗೆ ಮನೆಯ ಗೇಟೇ ತುಕ್ಕು ಹಿಡಿಯುತ್ತದೆ. ಊಟಿಯಲ್ಲಿ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವಿದೆ, 1970ರದ್ದು. ಅದಕ್ಕಾಗಿ ಸುಮಾರು 11 ಡಿಗ್ರಿ ಇಳಿಜಾರಿನ ಗುಡ್ಡವನ್ನು ಹುಡುಕಿದರು. ಏಕೆಂದರೆ ಅಲ್ಲಿಯ ಅಕ್ಷಾಂಶವೂ ಅಷ್ಟೇ. ಹಾಗಾಗಿ ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಯಿತು. ಅರ್ಧ ಕೆಲಸವನ್ನು ಗುಡ್ಡವೇ ಮಾಡಿಕೊಟ್ಟಿತು!

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ನಮ್ಮದೇ ರಾಜ್ಯದ ಕೋಲಾರದ ಚಿನ್ನದ ಗಣಿಯ ಬಗ್ಗೆ. ಆಕಾಶದಿಂದ ಬರುವ ವಿಶ್ವಕಿರಣಗಳಿಂದ ಹುಟ್ಟುವ ಕಣಗಳು ಹಗಲೂ ರಾತ್ರಿ ನಮ್ಮ ಮೇಲೆ ಸುರಿಯುತ್ತಿರುತ್ತವೆ. ಅವು ಬಂಡೆಯೊಳಗೆ ಎಷ್ಟು ಆಳಕ್ಕೆ ಹೋಗುತ್ತವೆಂದು ಅಳೆಯಲು ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ ಈ ಗಣಿಗೆ ಇಳಿದರು. ಮುಂದೆ ಅತಿ ಆಳದಲ್ಲಿ ಸುಮಾರು ಎರಡು ತಿಂಗಳು ಉಪಕರಣ ಇಟ್ಟರೂ ಒಂದು ಕಣವೂ ಸಿಗಲಿಲ್ಲ. ಬೇರೆಯವರಾದರೆ ಗಂಟು ಮೂಟೆ ಕಟ್ಟುತ್ತಿದ್ದರೋ ಏನೋ. ಇವರಿಗೆ ಹೊಳೆದದ್ದೇ ಬೇರೆ. ಗದ್ದಲವೇ ಇಲ್ಲದ ಈ ಜಾಗದಲ್ಲಿ, ಎಂಥ ಬಂಡೆಯನ್ನೂ ದಾಟಬಲ್ಲ ನ್ಯೂಟ್ರಿನೊದ ಗುರುತು ಸಿಕ್ಕೀತು! 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಭಾರತ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳಿಗೆ ಅದು ಸಿಕ್ಕಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ಜಗತ್ತಿನಲ್ಲಿ ಮೊದಲು ಗುರುತಿಸಿದವರಲ್ಲಿ ಅವರೂ ಸೇರಿದ್ದಾರೆ. ಅದೇ ವರ್ಷ ಇದೇ ಕೆಲಸ ನಡೆದ ಇನ್ನೊಂದು ಜಾಗವೂ ಚಿನ್ನದ ಗಣಿಯೇ, ದಕ್ಷಿಣ ಆಫ್ರಿಕದಲ್ಲಿ.

ವಿಜ್ಞಾನಕ್ಕಾಗಿ ಯಾರೂ ಅಷ್ಟು ಆಳ ತೋಡಿರಲಿಲ್ಲ. ಬಿಸಿ ಬಂಡೆಯ ನಡುವೆ, ಬಂಡೆ ಸಿಡಿದು ಸಾಯುವ ಭಯದಲ್ಲಿ, ಕೂಲಿಗಾಗಿ ತೋಡಿದವರು ಗಣಿ ಕಾರ್ಮಿಕರು. 1980ರಲ್ಲಿ ಪ್ರೋಟಾನಿನ ಆಯಸ್ಸು ತಿಳಿಯಲು ಸುಮಾರು 140 ಟನ್ ತೂಕದ ಉಪಕರಣವನ್ನು ಅಲ್ಲೇ ಜೋಡಿಸಿದರು. ಗಣಿಯ ಬಾಯಲ್ಲಿ ಹಿಡಿಸುವಷ್ಟು ತುಂಡುಗಳಾಗಿಯೇ ಅದು ಇಳಿಯಬೇಕಿತ್ತು. ಚಿನ್ನ ಕಡಿಮೆಯಾಗಿ ಖರ್ಚು ಹೆಚ್ಚಾಯಿತು. 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು, 2001ರಲ್ಲಿ ಗಣಿಯೇ ಮುಚ್ಚಿತು. ಪಂಪುಗಳು ನಿಂತ ಮೇಲೆ ಆ ಆಳಕ್ಕೆಲ್ಲ ನೀರು ತುಂಬಿತು.

ನೆಲವು ಉಪಕರಣವನ್ನು ಕಾಪಾಡಿದ್ದೂ ಉಂಟು. ಸಮರ್ಕಂದದಲ್ಲಿ ಉಲುಗ್ ಬೇಗ್ 15ನೇ ಶತಮಾನದಲ್ಲಿ ಕಟ್ಟಿಸಿದ ವೀಕ್ಷಣಾಲಯದ ಬೃಹತ್ ಕೋನಮಾಪಕದ ಕೆಳಭಾಗವನ್ನು ಗುಡ್ಡ ಕೊರೆದು ಕೂರಿಸಿದ್ದರು. ಮೇಲಿನ ಕಟ್ಟಡ ನಾಶವಾಯಿತು. ನೆಲದೊಳಗಿನ ಭಾಗ 1908ರಲ್ಲಿ ಅಗೆತದಲ್ಲಿ ಸಿಕ್ಕಿತು.

ಆ ಹುಡುಗನನ್ನು ಮತ್ತೆ ಕರೆದು ಇದನ್ನೆಲ್ಲ ಹೇಳಿದೆ. "ಹಾಗಾದರೆ ಕರ್ಕಿಗೆ ಯಾವ ಉಪಕರಣ ಸರಿ, ಸರ್?" ಎಂದ. ಮಳೆ ಅಳೆಯುವುದರಿಂದ ಶುರು ಮಾಡೋಣ ಎಂದೆ. ಶಾಲೆಯ ಅಂಗಳದಲ್ಲಿ ಮಳೆಮಾಪಕ ಇಡಲು ಜಾಗ ಹುಡುಕುತ್ತಿದ್ದೇವೆ. ತೆಂಗಿನಮರದ ಹತ್ತಿರ ಬೇಡ, ಗರಿಯಿಂದ ತೊಟ್ಟಿಕ್ಕುವ ನೀರೂ ಸೇರಿ ಲೆಕ್ಕ ತಪ್ಪುತ್ತದೆ ಎಂದು ಅವನೇ ಹೇಳಿದ್ದಾನೆ.