ಪುಟ್ಟ ಕೈ, ಬೀರುವಿನ ಬಾಗಿಲು

(ಒಂಟಿಕೊಪ್ಪಲಿನ ಮಹಿಳೆಯರ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)

ಹಗಲೆಲ್ಲ ದುಡಿದು ಬಂದಿದ್ದೀರಿ. ಸಂಜೆಯ ಅಡಿಗೆ ಇನ್ನೂ ಬಾಕಿ ಇದೆ. ಆದರೂ ಬಿಡುವು ಮಾಡಿಕೊಂಡು ಬಂದಿದ್ದೀರಿ. ಕೆಲವರು ಕಂಕುಳಲ್ಲಿ ಮಗುವನ್ನೂ ಎತ್ತಿಕೊಂಡು ಬಂದಿದ್ದೀರಿ. ಹಾಗಾಗಿ ಇವತ್ತು ಮಕ್ಕಳ ಮಾತೇ ಆಡೋಣ.

ನಮ್ಮ ಒಂಟಿಕೊಪ್ಪಲಿನ ಹೆಸರಿನ ಪಂಚಾಂಗ ಎಷ್ಟೋ ಮನೆಗಳಲ್ಲಿದೆ. ರಾಹುಕಾಲ ಯಾವಾಗ, ಗುಳಿಕಕಾಲ ಯಾವಾಗ ಅಂತ ಅದರಲ್ಲಿ ನೋಡ್ತೀವಿ. ಆದರೆ ಎಳೆ ಮಗುವಿಗೆ ಅಪಾಯದ ಕಾಲ ಯಾವುದು? ಅದು ಯಾವ ಪಂಚಾಂಗದಲ್ಲೂ ಇಲ್ಲ. ನಾನು ಹೇಳ್ತೀನಿ, ಕೇಳಿ.

ಒಲೆಯ ಮೇಲೆ ಹಾಲು ಉಕ್ಕುವ ಹೊತ್ತು. ನಲ್ಲಿಯಲ್ಲಿ ನೀರು ಬಂದ ಹೊತ್ತು. ಬಾಗಿಲಿಗೆ ನೆಂಟರು ಬಂದ ಹೊತ್ತು. ಹಬ್ಬಕ್ಕೆ ಮನೆ ತೊಳೆಯುವ ಹೊತ್ತು. ಅಂದರೆ, ನಮ್ಮ ಕಣ್ಣು ಬೇರೆ ಕಡೆ ತಿರುಗಿದ ಹೊತ್ತು. ಅದೇ ಮಗುವಿಗೆ ರಾಹುಕಾಲ.

ನನ್ನ ಮನೆಯಲ್ಲಿ ನಡೆದದ್ದನ್ನೇ ಹೇಳ್ತೀನಿ. ಬಹಳ ವರ್ಷದ ಹಿಂದಿನ ಮಾತು. ಆಗ ನಮ್ಮದು ಸೀಮೆಎಣ್ಣೆ ಸ್ಟೌ. ನನ್ನ ಮಗಳಿಗೆ ಒಂದೂವರೆ ವರ್ಷ. ಅಡಿಗೆಮನೆಯ ಗೋಡೆಯಲ್ಲಿ ಒಂದು ಬೀರು ಇತ್ತು. ಅದರ ಕೆಳಗಿನ ಹಲಗೆಯ ಮೇಲೆ ಸೀಮೆಎಣ್ಣೆ ಇಡ್ತಿದ್ವಿ. ಯಾವುದರಲ್ಲಿ? ಖಾಲಿಯಾದ ಶರಬತ್ತಿನ ಬಾಟಲಿಯಲ್ಲಿ! ಬೀರುವಿಗೆ ಚಿಲಕ ಇತ್ತು. ಹಾಕುವ ಅಭ್ಯಾಸ ಯಾರಿಗೂ ಇರಲಿಲ್ಲ.

ಒಂದು ದಿನ ಬೀದಿ ನಲ್ಲಿಯಲ್ಲಿ ನೀರು ಬಂತು. ಕೊಡ ತಗೊಂಡು ಓಡಿದೆ. ಅತ್ತೆ ಹಿತ್ತಿಲಲ್ಲಿದ್ದರು. ಎರಡು ಕೊಡ ತುಂಬಿಸಿ ಬರೋ ಹೊತ್ತಿಗೆ ಮಗು ಕೆಮ್ಮುತ್ತಿತ್ತು. ಬಾಯಿಂದ, ಲಂಗದಿಂದ ಸೀಮೆಎಣ್ಣೆ ವಾಸನೆ. ನನಗೆ ಕೈಕಾಲೇ ಆಡಲಿಲ್ಲ. ಅತ್ತೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ಒಳ್ಳೆಯದಾಗಲಿ ಅಂತಲೇ ಮಾಡಿದರು. ಆಟೋ ಹಿಡಿದು ಆಸ್ಪತ್ರೆಗೆ ಹೋದೆವು.

ಡಾಕ್ಟರು ಮೊದಲು ಕೇಳಿದ್ದೇ, "ವಾಂತಿ ಮಾಡಿಸಿದಿರಾ?" ಅಂತ. ಹೌದು ಅಂದೆವು. ಅವರು ತಲೆ ಆಡಿಸಿದರು. "ನೋಡಿ ತಾಯಿ, ಸೀಮೆಎಣ್ಣೆ ಹೊಟ್ಟೆಯಲ್ಲಿದ್ದರೆ ಅಷ್ಟು ಕೇಡಲ್ಲ. ಶ್ವಾಸಕೋಶಕ್ಕೆ ಹೋದರೆ ಬಹಳ ಕೇಡು. ವಾಂತಿ ಮಾಡಿಸಿದರೆ ಅದು ಗಂಟಲಿಗೆ ಬಂದು ಉಸಿರಿನ ದಾರಿಗೆ ಇಳಿಯುತ್ತದೆ" ಅಂದರು. ನಾಲ್ಕು ದಿನ ಮಗು ಏದುಸಿರು ಬಿಟ್ಟಿತು. ನಾಲ್ಕು ದಿನ ನಾನು ಕಣ್ಣು ಮುಚ್ಚಲಿಲ್ಲ. ನಮ್ಮ ಪುಣ್ಯ, ಮಗು ಉಳಿಯಿತು.

ಆಮೇಲೆ ಬೀದಿಯವರೆಲ್ಲ ಏನಂದರು ಗೊತ್ತಾ? "ತಾಯಿಗೆ ನಿಗಾ ಇಲ್ಲ" ಅಂದರು. ಶರಬತ್ತಿನ ಬಾಟಲಿಗೆ ಎಣ್ಣೆ ಸುರಿದದ್ದು ನಮ್ಮ ಯಜಮಾನರು. ಚಿಲಕ ಹಾಕದೆ ಬಿಟ್ಟದ್ದು ಮನೆಯವರೆಲ್ಲರೂ. ಬೈಗುಳ ಮಾತ್ರ ನನಗೆ. ಆಗ ಅತ್ತಿದ್ದೆ. ಈಗ ಯೋಚನೆ ಮಾಡ್ತೀನಿ. ತಾಯಿಗೆ ಇರೋದು ಎರಡೇ ಕಣ್ಣು. ನೀರು ತರಬೇಕು, ಒಲೆ ನೋಡಬೇಕು, ಬಟ್ಟೆ ಒಗೆಯಬೇಕು. ದಿನವಿಡೀ ಕಣ್ಣು ಮಿಟುಕಿಸದೆ ಮಗುವನ್ನು ಕಾಯೋಕೆ ಯಾರಿಂದ ಆಗುತ್ತೆ? ನಿಗಾ ಬೇಕು, ಇಲ್ಲ ಅನ್ನಲ್ಲ. ಆದರೆ ನಿಗಾ ತಪ್ಪಿದಾಗಲೂ ಕಾಯುವಂಥದ್ದು ಒಂದು ಬೇಕು. ಅದೇ ಬಾಗಿಲಿನ ಚಿಲಕ.

ಇದು ನಮ್ಮ ಮನೆಯೊಂದರ ಕಥೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 2008ರಲ್ಲಿ ಒಂದು ವರದಿ ತಂದವು. ಅದರ ಪ್ರಕಾರ 2004ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ 20 ವರ್ಷದೊಳಗಿನ 45,000ಕ್ಕೂ ಹೆಚ್ಚು ಮಂದಿ ವಿಷದಿಂದ ಸತ್ತರು. ಬಡ ದೇಶಗಳಲ್ಲಿ ಸೀಮೆಎಣ್ಣೆ ಒಂದು ದೊಡ್ಡ ಕಾರಣ.

ಈಗ ಬಹಳ ಮನೆಗಳಿಗೆ ಗ್ಯಾಸ್ ಬಂದಿದೆ. ಸೀಮೆಎಣ್ಣೆ ಕಮ್ಮಿಯಾಗಿದೆ. ಹಾಗಾದರೆ ಅಪಾಯ ಹೋಯಿತೇ? ಇಲ್ಲ ಕಣ್ರಮ್ಮಾ, ಜಾಗ ಬದಲಾಯಿಸಿದೆ. ನಿಮ್ಮ ಮನೆಯ ಸಿಂಕಿನ ಕೆಳಗೆ ಏನೇನಿದೆ, ನೆನಪು ಮಾಡಿಕೊಳ್ಳಿ. ಫಿನಾಯಿಲ್. ಕಕ್ಕಸು ತೊಳೆಯುವ ಆಸಿಡ್. ಬ್ಲೀಚಿಂಗ್ ಪುಡಿ. ಜಿರಳೆ ಮದ್ದು. ಇಲಿ ಪಾಷಾಣ. ಇನ್ನೊಂದು ಬೀರುವಿನಲ್ಲಿ ಅಜ್ಜಿಯ ಬಿಪಿ ಮಾತ್ರೆ, ಅಜ್ಜನ ಸಕ್ಕರೆ ಕಾಯಿಲೆ ಮಾತ್ರೆ, ಬಸುರಿಯರಿಗೆ ಕೊಟ್ಟ ಕಬ್ಬಿಣದ ಮಾತ್ರೆ. ಇವೆಲ್ಲ ದೊಡ್ಡವರಿಗೆ ಔಷಧಿ. ಮಗುವಿಗೆ ವಿಷ. ಕೆಂಪು ಮಾತ್ರೆ ಮಗುವಿನ ಕಣ್ಣಿಗೆ ಪೆಪ್ಪರಮೆಂಟಿನ ಹಾಗೇ ಕಾಣುತ್ತೆ.

ಮಗು ಎಂಟು ತಿಂಗಳಿಗೆ ಅಂಬೆಗಾಲು ಇಡುತ್ತೆ. ವರ್ಷದ ಹೊತ್ತಿಗೆ ಬೀರು ಹಿಡಿದು ನಿಲ್ಲುತ್ತೆ. ಬಾಗಿಲು ಎಳೆಯೋದು ಅದಕ್ಕೆ ಆಟ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತೆ. ಅದು ತುಂಟತನ ಅಲ್ಲ. ಮಗು ಲೋಕವನ್ನು ಕಲಿಯೋದೇ ಹಾಗೆ. ನಾವು ಈಗ ಅಕ್ಷರ ಕಲಿತಿಲ್ಲವೇ? ಹಾಗೆ ಅದೂ ಕಲಿಯುತ್ತಿದೆ.

ಈಗ ನನ್ನ ಮಗಳ ಮನೆಗೆ ಬನ್ನಿ. ಅವಳಿಗೂ ಈಗ ಒಂದು ಮಗು. ಹೋದ ಸಲ ಅವಳ ಮನೆಗೆ ಹೋಗಿದ್ದೆ. ನೆಲ ಒರೆಸೋಣ ಅಂತ ಫಿನಾಯಿಲ್ ತೆಗೆಯಲು ಸಿಂಕಿನ ಕೆಳಗಿನ ಬಾಗಿಲು ಎಳೆದೆ. ಬರಲಿಲ್ಲ. ಚಿಲಕ ಇಲ್ಲ, ಬೀಗ ಇಲ್ಲ. ಜೋರಾಗಿ ಎಳೆದೆ. ಊಹೂಂ! ಮೊಮ್ಮಗ ನನ್ನನ್ನು ನೋಡಿ ನಕ್ಕ. ಅವನೂ ದಿನಾ ಎಳೆದು ಸೋತಿದ್ದನಂತೆ. ಆಗ ಮಗಳು ಮೇಲಿನ ಹಲಗೆಯಿಂದ ಒಂದು ಗುಂಡನೆಯ ಬಿಲ್ಲೆ ತಂದಳು. ಬಾಗಿಲಿನ ಹೊರಗೆ ಒಂದು ಜಾಗದಲ್ಲಿ ಹಿಡಿದಳು. ಟಕ್ ಅಂತು. ಬಾಗಿಲು ತೆರೆಯಿತು!

ಅದೇನು ಮಾಟ ಅಲ್ಲ. ಅಯಸ್ಕಾಂತ. ಮ್ಯಾಗ್ನೆಟ್ ಅಂತೀವಲ್ಲ, ಅದು. ಬಾಗಿಲಿನ ಒಳಗಡೆ ಒಂದು ಸಣ್ಣ ಕೊಂಡಿ ಕೂಡಿಸಿರುತ್ತಾರೆ. ಅದು ಹೊರಗೆ ಕಾಣೋದಿಲ್ಲ. ಬಾಗಿಲು ಮುಚ್ಚಿದ ಕೂಡಲೆ ಕೊಂಡಿ ತಾನೇ ಸಿಕ್ಕಿಕೊಳ್ಳುತ್ತೆ. ಹೊರಗಿನಿಂದ ಮ್ಯಾಗ್ನೆಟ್ ಹಿಡಿದರೆ ಅದು ಮರದ ಆಚೆಗೂ ಸೆಳೆಯುತ್ತೆ. ಕೊಂಡಿ ಬಿಡುತ್ತೆ. ಆ ಮ್ಯಾಗ್ನೆಟ್ಟೇ ಬೀಗದ ಕೈ.

ಇದರಲ್ಲಿ ನನಗೆ ಹಿಡಿಸಿದ್ದು ಒಂದೇ ಮಾತು. ಇದು ತಾನೇ ಬೀಳುತ್ತೆ. ನಮ್ಮ ಮನೆಯಲ್ಲೂ ಚಿಲಕ ಇತ್ತಲ್ಲ? ಹಾಕಲು ಮರೆತೆವು. ಈ ಚಿಲಕಕ್ಕೆ ಮರೆವು ಇಲ್ಲ.

ಇದನ್ನು ಕೂಡಿಸುವವರು ಕೆಲವು ವಿಷಯ ತಿಳಿದಿರಬೇಕು.

ಮರ, ಪ್ಲೈವುಡ್ ಬಾಗಿಲಿಗೆ ಇದು ಸರಿ. ಬಾಗಿಲು ಸುಮಾರು ಒಂದು ಅಂಗುಲ ದಪ್ಪ ಇದ್ದರೂ ಸಾಧಾರಣವಾಗಿ ನಡೆಯುತ್ತೆ. ಕಬ್ಬಿಣದ ಬೀರುವಿಗೆ ಆಗಲ್ಲ. ಕಬ್ಬಿಣವೇ ಮ್ಯಾಗ್ನೆಟ್ಟನ್ನು ಹಿಡಿದುಕೊಂಡು ಬಿಡುತ್ತೆ. ಅದಕ್ಕೆ ಬೀಗವೇ ಗತಿ.

ಕೆಲವು ಕೊಂಡಿಗಳು ಅಂಟಿಸುವಂಥವು. ಕೆಲವು ಸ್ಕ್ರೂ ಹಾಕುವಂಥವು. ಅಡಿಗೆಮನೆಯಲ್ಲಿ ಎಣ್ಣೆ ಜಿಡ್ಡು, ಹಬೆ. ಅಂಟು ಬೇಗ ಬಿಡುತ್ತೆ. ಅಂಟಿಸುವುದಾದರೆ ಸೋಪು ನೀರಿನಿಂದ ಜಿಡ್ಡು ತೆಗೆದು, ಚೆನ್ನಾಗಿ ಒಣಗಿಸಿ ಅಂಟಿಸಿ. ಒಂದು ದಿನ ಬಿಟ್ಟು ಎಳೆದು ನೋಡಿ. ಸ್ಕ್ರೂ ಹಾಕಿಸಿದರೆ ಹೆಚ್ಚು ಗಟ್ಟಿ. ಬಡಗಿಗೆ ಅರ್ಧ ಗಂಟೆಯ ಕೆಲಸ.

ಬೀಗದ ಕೈ ಮ್ಯಾಗ್ನೆಟ್ಟನ್ನು ಮಗುವಿನ ಕೈಗೆ ಸಿಗದ ಎತ್ತರದಲ್ಲಿಡಿ. ಅದು ಜೋರಾದ ಮ್ಯಾಗ್ನೆಟ್. ಒಡೆದರೆ ಬಿಸಾಡಿ, ಚೂರು ಬಿಡಬೇಡಿ. ಮಗು ಎರಡು ಮ್ಯಾಗ್ನೆಟ್ ಚೂರು ನುಂಗಿದರೆ ಅವು ಕರುಳಿನೊಳಗೆ ಒಂದನ್ನೊಂದು ಸೆಳೆದು ಕರುಳನ್ನೇ ತೂತು ಮಾಡಬಹುದು. ಮನೆಯಲ್ಲಿ ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರಿದ್ದರೆ, ಅವರ ಎದೆಯ ಹತ್ತಿರ ಈ ಮ್ಯಾಗ್ನೆಟ್ ತರಬಾರದು.

ಇನ್ನೊಂದು ಮಾತು. ಮಾಮೂಲಿ ಬೀರುಗಳಲ್ಲೂ ಒಂದು ಸಣ್ಣ ಮ್ಯಾಗ್ನೆಟ್ ಇರುತ್ತೆ. ಬಾಗಿಲು ತಾನೇ ತೆರೆಯದ ಹಾಗೆ ಅದು ಹಿಡಿಯುತ್ತೆ, ಅಷ್ಟೇ. ಮಗು ಎಳೆದರೆ ಬಂದುಬಿಡುತ್ತೆ. "ನಮ್ಮ ಬೀರುವಿಗೂ ಮ್ಯಾಗ್ನೆಟ್ ಇದೆ" ಅಂತ ಸುಮ್ಮನಾಗಬೇಡಿ.

"ಅಕ್ಕಾ, ನಮ್ಮ ಮನೆಯಲ್ಲಿ ಅಂಥ ಬೀರು ಎಲ್ಲಿದೆ?" ಅಂತ ನೀವು ಕೇಳಬಹುದು. ಸರಿಯಾದ ಮಾತು. ಬೀರು ಇಲ್ಲದಿದ್ದರೆ ವಿಷದ ವಸ್ತುವನ್ನು ಅಟ್ಟದ ಮೇಲಿಡಿ. ಹಳೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿ. ಬೀರು ಇದೆ, ದುಡ್ಡಿಲ್ಲ ಅಂದರೆ ಬಾಗಿಲಿನ ಮೇಲ್ತುದಿಗೆ ಒಂದು ಸಣ್ಣ ಚಿಲಕ ಹೊಡೆಸಿ. ಅದೂ ಇಲ್ಲದಿದ್ದರೆ ಎರಡು ಬಾಗಿಲಿನ ಹಿಡಿಗಳನ್ನು ಗಟ್ಟಿ ಲಾಡಿಯಿಂದ ಕಟ್ಟಿ. ಇದು ನಾಲ್ಕು ದಿನದ ಮಟ್ಟಿಗೆ. ಚಿಲಕ ಹಾಕಿಸುವ ತನಕ.

ಎತ್ತರದಲ್ಲಿ ಇಟ್ಟರೆ ಸಾಕು ಅಂತಲೂ ತಿಳಿಯಬೇಡಿ. ಎರಡು ವರ್ಷದ ಮಗು ಸ್ಟೂಲು ಎಳೆದು ಹತ್ತುತ್ತೆ.

ನಿಮ್ಮಲ್ಲಿ ಕೆಲವರು ಬೇರೆಯವರ ಮನೆಗೆಲಸಕ್ಕೆ ಹೋಗ್ತೀರಿ. ಮಗುವನ್ನೂ ಕರಕೊಂಡು ಹೋಗ್ತೀರಿ. ಆ ಮನೆಯಲ್ಲಿ ಮಕ್ಕಳಿಲ್ಲದಿದ್ದರೆ ಸಿಂಕಿನ ಕೆಳಗೆ ಎಲ್ಲ ತೆರೆದೇ ಇರುತ್ತೆ. "ಅಮ್ಮಾ, ಆಸಿಡ್ ಬಾಟಲಿ ಮೇಲಿಡೋಣ" ಅಂತ ಕೇಳಿ. ಕೇಳೋಕೆ ನಾಚಿಕೆ ಬೇಡ. ಮಗು ನಿಮ್ಮದು.

ನೆಲದ ಮೇಲಿನ ದೊಡ್ಡ ಬೀರು, ಹಳೆಯ ಫ್ರಿಜ್ಜು, ಖಾಲಿ ಟ್ರಂಕು, ಇವುಗಳ ಬಗ್ಗೆಯೂ ಎಚ್ಚರ ಬೇಕು. ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಾ ಒಳಗೆ ಕೂತುಬಿಡುತ್ತವೆ. ಹಿಂದೆ ಫ್ರಿಜ್ಜಿನ ಬಾಗಿಲಿಗೆ ಹೊರಗೆ ಚಿಲಕ ಇತ್ತು. ಅಮೆರಿಕದಲ್ಲಿ ಒಳಗೆ ಸಿಕ್ಕಿಕೊಂಡ ಮಕ್ಕಳು ಉಸಿರು ಕಟ್ಟಿ ಸತ್ತವು. 1956ರಲ್ಲಿ ಅಲ್ಲಿ ಕಾನೂನು ಬಂತು. ಫ್ರಿಜ್ಜಿನ ಬಾಗಿಲು ಒಳಗಿನಿಂದ ತಳ್ಳಿದರೂ ತೆರೆಯಬೇಕು ಅಂತ. ಈಗ ಫ್ರಿಜ್ಜಿನ ಬಾಗಿಲಿನ ಸುತ್ತ ಮ್ಯಾಗ್ನೆಟ್ ಪಟ್ಟಿ ಇದೆ, ಚಿಲಕ ಇಲ್ಲ. ಹಳೆಯ ಫ್ರಿಜ್ಜು ಹೊರಗೆ ಹಾಕುವಾಗ ಬಾಗಿಲು ಕಿತ್ತು ಹಾಕಿ.

ಈಗ ಅಕ್ಷರದ ಮಾತಿಗೆ ಬರೋಣ. ಎರಡೇ ಅಕ್ಷರದ ಒಂದು ಪದ ಬರೆಯಿರಿ. ವಿ, ಷ. ವಿಷ. ಇದನ್ನು ಚೀಟಿಯಲ್ಲಿ ಬರೆದು ಫಿನಾಯಿಲ್ ಬಾಟಲಿಗೆ, ಆಸಿಡ್ ಬಾಟಲಿಗೆ ಅಂಟಿಸಿ. ಮಗುವಿಗೆ ಓದಲು ಬರಲ್ಲ, ನಿಜ. ಅಕ್ಷರ ದೊಡ್ಡವರಿಗೆ, ಚಿಲಕ ಮಗುವಿಗೆ. ಎರಡೂ ಬೇಕು.

ಕೀಟನಾಶಕದ ಡಬ್ಬಿಯ ಮೇಲೆ ವಜ್ರದ ಆಕಾರದ ಒಂದು ಗುರುತು ಇರುತ್ತೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಇದ್ದರೆ ಬಹಳ ಘೋರ ವಿಷ. ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ. ನೀಲಿ ಇನ್ನೂ ಕಡಿಮೆ. ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಅಂದ ಮಾತ್ರಕ್ಕೆ ಕುಡಿಯಬಹುದು ಅಂತಲ್ಲ. ನಾಲ್ಕೂ ಚಿಲಕದ ಹಿಂದೆಯೇ ಇರಬೇಕು.

ಶರಬತ್ತು, ಕೂಲ್ ಡ್ರಿಂಕ್, ನೀರಿನ ಬಾಟಲಿಗೆ ಯಾವ ವಿಷವನ್ನೂ ಸುರಿಯಬೇಡಿ. ಔಷಧಿಯ ಬಾಟಲಿಗೆ ಒತ್ತಿ ತಿರುಗಿಸುವ ಮುಚ್ಚಳ ಇದ್ದರೆ ಸರಿಯಾಗಿ ಮುಚ್ಚಿ. ಕೆನಡಾ ದೇಶದ ವಿಂಡ್ಸರ್ ಊರಿನ ಮಕ್ಕಳ ಡಾಕ್ಟರು ಹೆನ್ರಿ ಬ್ರೋ 1967ರಲ್ಲಿ ಅಂಥ ಮುಚ್ಚಳ ಬಳಕೆಗೆ ತಂದರು. ಮಾತ್ರೆ ನುಂಗಿ ಆಸ್ಪತ್ರೆಗೆ ಬರುವ ಮಕ್ಕಳನ್ನು ನೋಡಿ ನೋಡಿ ಅವರಿಗೆ ಬೇಸತ್ತು ಹೋಗಿತ್ತು. ಮುಚ್ಚಳ ಬಂದ ಮೇಲೆ ಅಲ್ಲಿ ಅಂಥ ಅನಾಹುತ ಬಹಳ ಇಳಿಯಿತು. ತಾಯಂದಿರು ಬದಲಾಗಲಿಲ್ಲ. ಮುಚ್ಚಳ ಬದಲಾಯಿತು.

ಇಷ್ಟೆಲ್ಲ ಮಾಡಿದರೂ ಮಗು ಏನಾದರೂ ಕುಡಿದುಬಿಟ್ಟರೆ?

ವಾಂತಿ ಮಾಡಿಸಬೇಡಿ. ಗಂಟಲಿಗೆ ಬೆರಳು ಹಾಕಬೇಡಿ. ಉಪ್ಪುನೀರು ಕುಡಿಸಬೇಡಿ. ಬಾಯಿಯಲ್ಲಿ ಉಳಿದದ್ದನ್ನು ಒರೆಸಿ ತೆಗೆಯಿರಿ. ಕಣ್ಣಿಗೆ ಬಿದ್ದಿದ್ದರೆ 15ರಿಂದ 20 ನಿಮಿಷ ಧಾರೆ ನೀರಿನಲ್ಲಿ ತೊಳೆಯಿರಿ. ಮಗುವಿಗೆ ಎಚ್ಚರ ತಪ್ಪಿದ್ದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ. ನಮ್ಮ ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಕೆ.ಆರ್. ಆಸ್ಪತ್ರೆ ಇವೆ. ಕುಡಿದ ಬಾಟಲಿಯನ್ನು, ಮಾತ್ರೆಯ ಚೀಟಿಯನ್ನು ಮರೆಯದೆ ತಗೊಂಡು ಹೋಗಿ. ಗಡಿಯಾರದ, ರಿಮೋಟಿನ ಗುಂಡಿಯಂಥ ಬ್ಯಾಟರಿ ನುಂಗಿದ್ದರೆ ಒಂದು ಕ್ಷಣವೂ ಕಾಯಬೇಡಿ. ಎರಡೇ ಗಂಟೆಯಲ್ಲಿ ಅದು ಅನ್ನನಾಳವನ್ನು ಸುಡಬಹುದು.

ಅಕ್ಕಂದಿರೇ, ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಅಡಿಗೆಮನೆಯ ನೆಲದ ಮೇಲೆ ಕೂತುಕೊಳ್ಳಿ. ಮಗುವಿನ ಎತ್ತರದಿಂದ ಸುತ್ತ ನೋಡಿ. ಕೈ ಚಾಚಿ. ಕೈಗೆ ಏನೇನು ಸಿಗುತ್ತೆ, ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಕಾಗುಣಿತ ತಪ್ಪಾದರೂ ಚಿಂತೆ ಇಲ್ಲ. ಆ ಪಟ್ಟಿಯನ್ನು ಮನೆಯವರಿಗೆಲ್ಲ ಓದಿ ಹೇಳಿ. ಯಜಮಾನರಿಗೂ ಹೇಳಿ. ಅತ್ತೆಗೂ ಹೇಳಿ. ಬಾಗಿಲು ಮುಚ್ಚೋದು ತಾಯಿಯೊಬ್ಬಳ ಕೆಲಸ ಅಲ್ಲ, ಮನೆಯವರೆಲ್ಲರ ಕೆಲಸ.

ಮುಂದಿನ ವಾರ ಬರುವಾಗ ಆ ಪಟ್ಟಿ ತನ್ನಿ. ಎಲ್ಲರೂ ಸೇರಿ ಓದೋಣ.

ಮಾತಾಡೋಣ, ಬರೆಯೋಣ

1. ನಿಮ್ಮ ಮನೆಯಲ್ಲಿ ವಿಷದ ವಸ್ತು ಎಲ್ಲೆಲ್ಲಿ ಇದೆ?
2. ಸೀಮೆಎಣ್ಣೆ ಕುಡಿದ ಮಗುವಿಗೆ ಯಾಕೆ ವಾಂತಿ ಮಾಡಿಸಬಾರದು?
3. "ತಾಯಿಗೆ ನಿಗಾ ಇಲ್ಲ" ಅನ್ನುವ ಮಾತು ಸರಿಯೇ? ನಿಮಗೆ ಏನನ್ನಿಸುತ್ತದೆ?