ಥೈರಾಯ್ಡ್ ಗಂಟು: ಸೂಜಿ ಪರೀಕ್ಷೆಯ ವರದಿಯನ್ನು ಅರ್ಥೈಸಿಕೊಳ್ಳುವ ಬಗೆ

(ಭಾಷಣದ ಪಠ್ಯ)



ಕುತ್ತಿಗೆಯಲ್ಲಿ ಗಂಟೊಂದು ಕಾಣಿಸಿಕೊಂಡಾಗ ಮನೆಮಂದಿಯಲ್ಲಿ ಎರಡು ಬಗೆಯ ಭೀತಿ ಮೂಡುವುದುಂಟು. ಇದು ಕ್ಯಾನ್ಸರೇ ಇರಬೇಕು ಎಂಬುದು ಮೊದಲನೆಯದು. ಸೂಜಿ ಚುಚ್ಚಿಸಿದರೆ ರೋಗ ಕೆರಳಿ ಹರಡೀತು ಎಂಬುದು ಎರಡನೆಯದು. ಮೊದಲನೆಯದರಿಂದ ಕೆಲವರು ಅನಗತ್ಯ ಶಸ್ತ್ರಚಿಕಿತ್ಸೆಗೆ ಆತುರಪಡುತ್ತಾರೆ. ಎರಡನೆಯದರಿಂದ ಕೆಲವರು ಅಗತ್ಯವಾದ ಪರೀಕ್ಷೆಯನ್ನೇ ಮುಂದೂಡುತ್ತಾರೆ. ಎರಡರಿಂದಲೂ ಹಾನಿಯುಂಟು. ನಾನು ವೈದ್ಯನಲ್ಲ, ಅನುವಾದಕ. ಆದರೆ ಹೊರನಾಡ ಕನ್ನಡಿಗರ ಕೈಗೆ ಬರುವ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುವುದರಿಂದ, ಅದರ ತಾತ್ಪರ್ಯವನ್ನು ನಮ್ಮ ನುಡಿಯಲ್ಲಿ ತಿಳಿಯುವುದು ಉಪಯುಕ್ತವೆಂದು ಭಾವಿಸಿ ಈ ಮಾತುಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಥೈರಾಯ್ಡ್ ಗ್ರಂಥಿಯು ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳವನ್ನು ಅಪ್ಪಿಕೊಂಡು ಚಿಟ್ಟೆಯ ಆಕಾರದಲ್ಲಿದೆ. ಅದರಲ್ಲಿ ಗಂಟುಗಳು ಬೆಳೆಯುವುದು ಅಪರೂಪವೇನಲ್ಲ. ಮಹಿಳೆಯರಲ್ಲಿಯೂ ವಯಸ್ಸಾದವರಲ್ಲಿಯೂ ಇವು ಹೆಚ್ಚು. ಕೈಗೆ ತಗಲುವ ಗಂಟು ನೂರು ಮಂದಿಯಲ್ಲಿ ಸುಮಾರು ಐವರಲ್ಲಿ ಕಂಡುಬಂದರೆ, ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಇನ್ನೂ ಎಷ್ಟೋ ಪಾಲು ಹೆಚ್ಚಾಗಿ ಕಾಣಸಿಗುತ್ತದೆ. ಇವುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಕ್ಯಾನ್ಸರ್ ಅಲ್ಲ. ಉಳಿದವನ್ನು ಗುರುತಿಸುವುದೇ ಪರೀಕ್ಷೆಯ ಉದ್ದೇಶ.

ಮೊದಲು ಟಿ.ಎಸ್.ಎಚ್. ರಕ್ತಪರೀಕ್ಷೆಯನ್ನೂ ಅಲ್ಟ್ರಾಸೌಂಡನ್ನೂ ಮಾಡಲಾಗುತ್ತದೆ. ರಕ್ತಪರೀಕ್ಷೆ ಸರಿಯಾಗಿದ್ದ ಮಾತ್ರಕ್ಕೆ ಗಂಟು ನಿರಪಾಯಕರವೆಂದು ತಿಳಿಯಬಾರದು. ಥೈರಾಯ್ಡ್ ಕ್ಯಾನ್ಸರ್ ಇರುವ ಬಹುಮಂದಿಯಲ್ಲಿ ಅದು ಸರಿಯಾಗಿಯೇ ಇರುತ್ತದೆ. ಎಲ್ಲ ಗಂಟುಗಳಿಗೂ ಸೂಜಿ ಪರೀಕ್ಷೆ ಬೇಕಾಗುವುದಿಲ್ಲ. ಗಂಟಿನ ಅಂಚು ಅಂಕುಡೊಂಕಾಗಿದ್ದರೆ, ಒಳಗೆ ಸಣ್ಣ ಸುಣ್ಣದ ಕಣಗಳಿದ್ದರೆ, ಅಗಲಕ್ಕಿಂತ ಎತ್ತರ ಹೆಚ್ಚಿದ್ದರೆ ಸಂದೇಹ ಹೆಚ್ಚು. ಇಂತಹ ಗಂಟು 1 ಸೆಂಟಿಮೀಟರ್ ಮುಟ್ಟಿದಾಗ ಸಾಮಾನ್ಯವಾಗಿ ಪರೀಕ್ಷಿಸಲಾಗುತ್ತದೆ. ಬರಿಯ ನೀರು ತುಂಬಿದ ಗಂಟಿನಲ್ಲಿ ಸಂದೇಹ ತೀರ ಕಡಿಮೆ.

ಈ ಪರೀಕ್ಷೆಯನ್ನು ಎಫ್.ಎನ್.ಎ.ಸಿ. ಎನ್ನುತ್ತಾರೆ. ಸಾಮಾನ್ಯವಾಗಿ ರಕ್ತ ತೆಗೆಯುವ ಸೂಜಿಗಿಂತಲೂ ಸಪೂರವಾದ ಸೂಜಿಯಿಂದ ಗಂಟಿನ ಕೆಲವು ಜೀವಕೋಶಗಳನ್ನು ಹೊರತೆಗೆದು, ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿಯಲ್ಲಿ ಪರಿಶೀಲಿಸಲಾಗುತ್ತದೆ. ಸೂಜಿ ಒಳಗಿರುವಾಗ ಉಗುಳು ನುಂಗದೆ, ಮಾತನಾಡದೆ ಇರಬೇಕು. ರಕ್ತ ತೆಳುವಾಗಿಸುವ ಗುಳಿಗೆ ಸೇವಿಸುತ್ತಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಸ್ವಲ್ಪ ನೋವು, ಕಂದಿದ ಕಲೆ ಉಂಟಾಗಬಹುದು. ಅಂದೇ ಮನೆಗೆ ಮರಳಬಹುದು. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಹರಡುವುದು ಅತ್ಯಂತ ವಿರಳ. ಆ ಭೀತಿಯಿಂದ ಪರೀಕ್ಷೆಯನ್ನು ಬಿಡುವುದು ಉಚಿತವಲ್ಲ.

ಇನ್ನು ವರದಿಯ ವಿಚಾರ. 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ನಡೆದ ತಜ್ಞರ ಸಮಾಲೋಚನೆಯ ಫಲವಾಗಿ ರೂಪುಗೊಂಡ ಆರು ವರ್ಗಗಳ ಪದ್ಧತಿ ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ. 2023ರ ಅದರ ಮೂರನೆಯ ಆವೃತ್ತಿಯು ಪ್ರತಿ ವರ್ಗಕ್ಕೂ ಕ್ಯಾನ್ಸರಿನ ಸಂಭವವನ್ನು ಸರಾಸರಿಯಾಗಿ ಸೂಚಿಸುತ್ತದೆ. ಒಂದನೆಯ ವರ್ಗವೆಂದರೆ ಸಾಕಷ್ಟು ಜೀವಕೋಶಗಳು ದೊರೆತಿಲ್ಲ ಎಂದರ್ಥ, ರೋಗವಿಲ್ಲ ಎಂದಲ್ಲ. ಇಲ್ಲಿ ಸಾಮಾನ್ಯವಾಗಿ ಪರೀಕ್ಷೆಯನ್ನು ಪುನಃ ಮಾಡಿಸಬೇಕಾಗುತ್ತದೆ. ಎರಡನೆಯದು ನಿರಪಾಯಕರ ಗಂಟು. ಸಂಭವ ಶೇಕಡಾ 4. ಮೂರನೆಯದು ಅನಿಶ್ಚಿತ, ಶೇಕಡಾ 22. ನಾಲ್ಕನೆಯದು ಫಾಲಿಕ್ಯುಲಾರ್ ಬಗೆಯ ಬೆಳವಣಿಗೆ, ಶೇಕಡಾ 30. ಐದನೆಯದು ಬಲವಾದ ಸಂದೇಹ, ಶೇಕಡಾ 74. ಆರನೆಯದು ಕ್ಯಾನ್ಸರ್, ಶೇಕಡಾ 97.

ಈ ಅಂಕಿಗಳ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಶೇಕಡಾ 30 ಎಂದರೆ ಗಂಟಿನ ಮೂವತ್ತು ಪಾಲು ಕೆಟ್ಟಿದೆ ಎಂದಲ್ಲ. ಅಂತಹ ವರದಿ ಪಡೆದು ಶಸ್ತ್ರಚಿಕಿತ್ಸೆಗೆ ಒಳಗಾದ ನೂರು ಮಂದಿಯಲ್ಲಿ ಸುಮಾರು ಮೂವತ್ತು ಮಂದಿಗೆ ಕ್ಯಾನ್ಸರ್ ದೃಢಪಟ್ಟಿದೆ, ಎಪ್ಪತ್ತು ಮಂದಿಗೆ ಇರಲಿಲ್ಲ ಎಂದರ್ಥ.

ನಾಲ್ಕನೆಯ ವರ್ಗದಲ್ಲಿ ಸೂಜಿಯು ತೀರ್ಪು ನೀಡಲಾರದ್ದಕ್ಕೆ ಕಾರಣವಿದೆ. ಫಾಲಿಕ್ಯುಲಾರ್ ಕ್ಯಾನ್ಸರನ್ನು ನಿರ್ಧರಿಸುವುದು ಜೀವಕೋಶದ ರೂಪದಿಂದಲ್ಲ. ಅದು ಗಂಟಿನ ಹೊದಿಕೆಯನ್ನೋ ರಕ್ತನಾಳವನ್ನೋ ಭೇದಿಸಿದೆಯೇ ಎಂಬುದರಿಂದ. ಕಿತ್ತು ತಂದ ಎಲೆಯನ್ನು ನೋಡಿ ಗಿಡದ ಬೇರು ಬೇಲಿಯನ್ನು ದಾಟಿದೆಯೇ ಎಂದು ಹೇಳಲಾಗದು. ಆದ್ದರಿಂದ ಇಲ್ಲಿ ಅನೇಕ ವೇಳೆ ಗ್ರಂಥಿಯ ಅರ್ಧಭಾಗವನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ. ಕೆಲವೆಡೆ ಜೀವಕೋಶಗಳ ಆನುವಂಶಿಕ ಪರೀಕ್ಷೆಯೂ ನೆರವಾಗುತ್ತದೆ. ಇಡೀ ಗ್ರಂಥಿಯನ್ನು ತೆಗೆದರೆ ಜೀವನಪರ್ಯಂತ ಹಾರ್ಮೋನ್ ಗುಳಿಗೆ ಸೇವಿಸಬೇಕು; ಧ್ವನಿಯ ನರಕ್ಕೂ, ಸುಣ್ಣಾಂಶವನ್ನು ಕಾಯುವ ಪುಟ್ಟ ಗ್ರಂಥಿಗಳಿಗೂ ಧಕ್ಕೆಯಾಗುವ ಸಂಭವವಿದೆ. ಆದುದರಿಂದ ಎಷ್ಟು ಭಾಗ ತೆಗೆಯಬೇಕು, ಏಕೆ ಎಂದು ವೈದ್ಯರನ್ನು ಕೇಳುವ ಹಕ್ಕು ರೋಗಿಗಿದೆ.

ಎರಡನೆಯ ವರ್ಗದ ವರದಿ ಬಂದವರೂ ವೈದ್ಯರು ಸೂಚಿಸಿದ ಅವಧಿಗೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಬೇಕು. ಗಂಟು ಬೇಗನೆ ಬೆಳೆದರೆ, ಧ್ವನಿ ಒಡೆದರೆ, ನುಂಗಲು ತೊಡಕಾದರೆ, ಕುತ್ತಿಗೆಯ ಪಕ್ಕದಲ್ಲಿ ಮತ್ತೊಂದು ಗಡ್ಡೆ ಕಂಡರೆ ಅವಧಿಗಾಗಿ ಕಾಯಬಾರದು. ಬಾಲ್ಯದಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ, ಮನೆತನದಲ್ಲಿ ಈ ಕ್ಯಾನ್ಸರ್ ಇದ್ದರೆ ತಪ್ಪದೆ ತಿಳಿಸಬೇಕು. ವರ್ಗಾವಣೆಯಾಗಿ ಊರಿಂದೂರಿಗೆ ಹೋಗುವ ಕುಟುಂಬಗಳು ಹಳೆಯ ವರದಿಗಳನ್ನೂ, ಸಾಧ್ಯವಾದರೆ ಗಾಜಿನ ಪಟ್ಟಿಗಳನ್ನೂ ಜೋಪಾನವಾಗಿಡಬೇಕು; ಬೇರೆ ತಜ್ಞರು ಅವನ್ನೇ ಮರುಪರಿಶೀಲಿಸಬಲ್ಲರು.

ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಬಹುಪಾಲು ಪ್ಯಾಪಿಲರಿ ಬಗೆಯವು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಗುಣ ಹೊಂದುವವರೇ ಹೆಚ್ಚು. ಆದ್ದರಿಂದ ವರದಿ ಕೈಸೇರಿದಾಗ ಕ್ಯಾನ್ಸರ್ ಎಂಬ ಶಬ್ದವೊಂದನ್ನೇ ಅದರಲ್ಲಿ ಹುಡುಕದೆ, ಅದು ಎಷ್ಟನೆಯ ವರ್ಗ, ಮುಂದಿನ ಹೆಜ್ಜೆ ಯಾವುದು ಎಂದು ವೈದ್ಯರಿಂದ ಕೇಳಿ ತಿಳಿಯಿರಿ ಎಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.